ಒಗ್ಗದ ಔಷಧಿ

...ಅಲ್ಲಾಡಬೇಡಿ ಭಾವ, ಅಲ್ಲಾಡಬೇಡಿ! ಬ್ಲೇಡು ಗಲ್ಲದ ಮೇಲಿದೆ. ಯಾಕೆ ನಗ್ತೀರಿ? ಅಂಗಡೀಲಿ ಕುರ್ಚಿ ಮೇಲೆ ಕೂತವರಿಗೆ ಗಡ್ಡ ಹೆರೆಯೋದು ಬೇರೆ, ಆಸ್ಪತ್ರೆ ಮಂಚದಲ್ಲಿ ಮಲಗಿದವರಿಗೆ ಹೆರೆಯೋದು ಬೇರೆ. "ನೀನು ಕ್ಷೌರದಂಗಡಿ ಇಟ್ಕೊಂಡೂ ನಿನ್ ಭಾವ ಸನ್ಯಾಸಿ ಹಂಗೆ ಕಾಣ್ತಾರಲ್ಲೋ" ಅಂತ ಅಕ್ಕ ಉಗಿದ್ಲು. ಡಾಕ್ಟರ ರೂಮಿಗೆ ಹೋಗಿದಾಳೆ. ಬರೋದ್ರೊಳಗೆ ನಿಮ್ಮನ್ನ ಮದುಮಗ ಮಾಡಿಬಿಡ್ತೀನಿ.

ಅಬ್ಬಾ, ಮೈ ಇನ್ನೂ ಸುಡ್ತಾ ಇದೆ... ಒಂದು ಮೊಳೆ! ಪೇಂಟ್ ಹೊಡೆಯೋರಿಗೆ ಮೊಳೆ ತುಳಿಯೋದು ಹೊಸದಾ? ಹಿಮ್ಮಡಿಗೆ ಬಟ್ಟೆ ಸುತ್ಕೊಂಡು ಏಣಿ ಹತ್ತಿದ್ರಿ, ಕೀವು ಮೂಳೆಗೇ ಇಳೀತು. ಮಾತ್ರೆ ಸಾಲಲ್ಲ, ಔಷಧಿ ನೇರ ರಕ್ತಕ್ಕೇ ಹೋಗ್ಬೇಕು ಅಂದ್ರು ಡಾಕ್ಟರು. ಕೊಟ್ರು. ನಿಮ್ಮ ಮೈಗೆ ಒಗ್ಗಲಿಲ್ಲ. ಏನ್ಮಾಡೋಕಾಗುತ್ತೆ? ಎಲ್ಲರಿಗೂ ಎಲ್ಲಾ ಒಗ್ಗಲ್ಲ ಭಾವ. ನನಗೆ ಬದನೆಕಾಯಿ ಒಗ್ಗಲ್ಲ.

ಮೇಲೇನು ನೋಡ್ತೀರಿ, ಬಾಟ್ಲಿನಾ? ಅದು ಬೇರೆ ಔಷಧಿ ಈಗ. ಈ ಕಡೆ ತಿರುಗಿ.

ಅವತ್ತು ನಿಮ್ಮನ್ನ ನೋಡ್ಬೇಕಿತ್ತು! ಮುಖ, ಕತ್ತು, ಎದೆ... ಇಟ್ಟಿಗೆ ಬಣ್ಣ. ಪರಪರ ಕೆರ್ಕೊಳ್ತಾ ಇದ್ರಿ. ಓಡಿಹೋಗಿ ನರ್ಸಮ್ಮನ್ನ ಕರ್ಕೊಂಡು ಬಂದಿದ್ದು ಯಾರು? ನಾನೇ! ಅದನ್ನ ಒಂದ್ಸಲ ಅಕ್ಕನಿಗೆ ಹೇಳಿ. ತಕ್ಷಣ ನಿಲ್ಲಿಸಿದ್ರು. ಇವರಿಗೆ ಇದನ್ನ ಇನ್ಮೇಲೆ ಕೊಡಲೇಬಾರದು ಅಂತ ಬರೆದೂ ಬಿಟ್ರು. ನಾನೇನು ಮಾಡಿದೆ? ಸ್ಟೂಲಿನ ಮೇಲೆ ಸುಮ್ನೆ ಕೂತಿದ್ದೆ... ಹಂಗೆ ನೋಡ್ಬೇಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನು ನಾನಲ್ಲ.

ಈ ಎರಡನೇ ಔಷಧಿ ನಾಟ್ತಾ ಇಲ್ವಂತೆ. ಮೊದಲನೇದೇ ಸರಿಯಾಗಿತ್ತು, ಆದ್ರೆ ಕೊಡೋ ಹಾಗಿಲ್ವಲ್ಲಾ ಅಂತಿದ್ರು ಡಾಕ್ಟರು. ಹಿಂಗೇ ಆದ್ರೆ ನಾಳೆ ಪಾದ... ಪಾದ ತೆಗೀಬೇಕಾಗುತ್ತಂತೆ. ಅಕ್ಕನ್ನ ಒಪ್ಸೋಕೇ ಕರೆದಿದಾರೆ. ಅಯ್ಯೋ! ನಿಮಗೆ ಹೇಳ್ಬೇಡ ಅಂದಿದ್ಲು... ಥೂ, ನನ್ನ ಬಾಯಿಗಿಷ್ಟು! ಏಳ್ಬೇಡಿ, ಮಾತಾಡ್ಬೇಡಿ, ಮೂಗಿನ ಕೆಳಗೆ ಬ್ಲೇಡಿದೆ.

ಈಗ ಆ ಚಕ್ರ ಯಾಕೆ ನೋಡ್ತೀರಿ? ಕೊಳವೆ ಮೇಲಿನ ಪುಟ್ಟ ಚಕ್ರ... ಮುಟ್ಬೇಡಿ, ಹನಿ ಹನಿಯಾಗೇ ಇಳೀಬೇಕು ಅಂತ ನರ್ಸಮ್ಮ ಸಾರಿ ಸಾರಿ ಹೇಳಿದ್ರು. ಯಾರು ಮುಟ್ತಾರೆ? ಅವತ್ತು ಅಂಗಡಿ ಬಾಗಿಲಲ್ಲಿ ಗಿರಾಕಿಗಳು ಕಾಯ್ತಾ ಇದ್ರು ನಿಜ, ಫೋನ್ ಮೇಲೆ ಫೋನು, ಆ ಬಾಟ್ಲಿ ಮುಗಿಯೋ ಹಂಗೇ ಕಾಣ್ತಿರಲಿಲ್ಲ... ಆದ್ರೂ ಕೂತಿದ್ದೆ. ಮೂಲೆ ಮಂಚದವರಿಗೂ ನಿಮ್ಮ ಆ ಮೊದಲನೇ ಔಷಧೀನೇ. ನಿನ್ನೆ ನರ್ಸಮ್ಮ ಅವರ ಮಗನಿಗೆ ಬೈತಿದ್ರು. "ಜೋರಾಗಿ ಬಿಟ್ರೆ ಯಾರ ಮೈಯಾದ್ರೂ ಕೆಂಪಾಗುತ್ತಪ್ಪಾ, ನಿಧಾನ ಬಿಟ್ರೆ ಏನೂ ಆಗಲ್ಲ. ಇಲ್ಲದಿದ್ರೆ ಒಗ್ಗಲಿಲ್ಲ ಅಂತ ಒಳ್ಳೇ ಔಷಧೀನೇ ಕಳ್ಕೋತೀರಿ" ಅಂತ. ಸುಮ್ನೆ ಕಿವಿಗೆ ಬಿತ್ತು. ಅದಕ್ಕೂ ನಮಗೂ ಏನು ಸಂಬಂಧ...

ಆಯ್ತು, ಮುಗೀತು. ಒರೆಸ್ತೀನಿ ಇರಿ. ಹ್ಞಾಂ, ಈಗ ಮಾತಾಡಿ.

ಮಾತಾಡಿ ಭಾವ. ಬ್ಲೇಡು ಕೆಳಗಿಟ್ಟಿದೀನಿ.

ಒಂದು ಮಾತು ಬೈರಿ... ಯಾಕೆ ಕಣ್ಣು ಮುಚ್ಕೊಂಡ್ರಿ? ಅವತ್ತೂ ಹಿಂಗೇ ಮುಚ್ಕೊಂಡಿದ್ರಿ, ನಿದ್ದೆ ಅಂದ್ಕೊಂಡೇ ನಾನು...

ಎಚ್ಚರ ಇದ್ರಾ?

ಇದ್ರಿ. ನೋಡಿದ್ರಿ. ಡಾಕ್ಟರು ಕೇಳಿದಾಗಲೂ ಬಾಯಿ ಬಿಡಲಿಲ್ಲ. ಅಕ್ಕ ಜನ್ಮದಲ್ಲಿ ನನ್ನ ಮುಖ ನೋಡಲ್ಲ ಅಂತ ತಾನೇ? ಎಲ್ಲಾ ಹೊಟ್ಟೆಗೆ ಹಾಕ್ಕೊಂಡು ಮಲಗಿದ್ರಿ. ಅದರಿಂದಲೇ ಕೆಂಪಾಯ್ತು ಅಂತ ನಿಮಗೇನು ಗೊತ್ತಿತ್ತು? ನನಗೆ ಗೊತ್ತಿತ್ತು ಭಾವ! ನಿನ್ನೆಯಿಂದ ಗೊತ್ತಿತ್ತು. ಗೊತ್ತಿದ್ದೂ ಬದನೆಕಾಯಿ ಕಥೆ ಹೇಳ್ತಾ ಕೂತೆ, ಪಾಪಿ ನಾನು...

ಅಕ್ಕನ ದನಿ. ಡಾಕ್ಟರೂ ಬರ್ತಿದಾರೆ. ಕೈ ಬಿಡಿ. ಬೇಡ ಅಂತ ತಲೆ ಆಡಿಸ್ಬೇಡಿ, ಹೋಗೋದು ನನ್ನ ಮರ್ಯಾದೆ ಅಷ್ಟೇ. ಬಿಡಿ ಭಾವ, ಕಾಲು ನಿಮ್ಮದು!

ಅಕ್ಕಾ... ಅಕ್ಕಾ, ಒಪ್ಕೋಬೇಡ! ಆ ಚಕ್ರ ತಿರುಗಿಸಿದ್ದು ನಾನು.