ಜವನಮ್ಮನ ತೆನೆ ತೋರಣ

ಕೂತ್ಕಳಿ, ಕೂತ್ಕಳಿ. ಎಲೆ ಅಡಿಕೆ ಹಾಕೋರು ಈಗಲೇ ಹಾಕ್ಕಂಬಿಡಿ. ನಡುವೆ ಉಗುಳೋಕೆ ಎದ್ದು ಹೋದ್ರೆ ಕತೆ ನಿಮಗೋಸ್ಕರ ಕಾಯ್ತಾ ನಿಲ್ಲೋದಿಲ್ಲ.

ಏಳು ಕೆರೆ ದಾಟಿದ್ರೆ ಒಂದೂರು. ಹೆಸರು ಕೇಳಬ್ಯಾಡಿ, ಆ ಊರಿನ ನೆಂಟರು ನಿಮ್ಮೊಳಗೂ ಇದ್ದಾರು. ಆ ಊರಲ್ಲಿ ಜವನಮ್ಮ ಅಂತ ಒಬ್ಬಳು. ಅವಳ ಗಂಡ ಬೋರಯ್ಯ, ಪಾಪದೋನು. ಒಬ್ಬಳೇ ಮಗಳು ಮಾದೇವಿ.

ಸುಗ್ಗಿ ಬಂತು ಅಂದ್ರೆ ಆ ಊರಲ್ಲಿ ಹೊಸ ಭತ್ತದ ತೆನೆ ಹೆಣೆದು, ತೋರಣ ಮಾಡಿ, ಅಂಗಳದ ಚಪ್ಪರಕ್ಕೆ ಕಟ್ಟೋರು. ಯಾಕೆ ಕಟ್ಟೋರು? ಜವನಮ್ಮನ್ನ ಕೇಳಿದ್ರೆ, "ನೋಡಿದೋರ ಹೊಟ್ಟೆ ಉರೀಲಿ ಅಂತ" ಅನ್ನೋಳು. ಅಷ್ಟು ದೊಡ್ಡ ಮನಸ್ಸು ನೋಡಿ ಆ ತಾಯಿದು.

ಆ ವರ್ಷ ಮಾದೇವಿಗೆ ಪಕ್ಕದೂರಿಂದ ಒಂದು ಗಂಡು ಬಂದಿತ್ತು. ಕೊಯ್ಲಿನ ಗದ್ದೇಲಿ ಅವನನ್ನ ನೋಡಿದ್ದ ಹುಡುಗಿ, ಮದುವೆ ಅಂತ ಆದ್ರೆ ಇವನನ್ನೇ ಆಗೋದು ಅಂತ ಕೂತುಬಿಟ್ಟಿದ್ಲು. ಅವನೂ ಒಪ್ಪಿದ್ದ. ಇನ್ನು ಒಪ್ಪಬೇಕಾಗಿದ್ದು ಒಬ್ಬಳೇ, ಹುಡುಗನ ಅಜ್ಜಿ ಹೊನ್ನಮ್ಮ. "ಹಬ್ಬದ ದಿನ ಬರ್ತೀನಿ, ಮನೆ ನೋಡಬೇಕು" ಅಂತ ಆಯಮ್ಮ ಹೇಳಿ ಕಳಿಸಿದ್ಲು.

ಮನೆ ನೋಡೋದು ಅಂದ್ರೆ ಮೊದಲು ಕಾಣೋದು ತೋರಣ ತಾನೆ? ಜವನಮ್ಮ ಹೆಣೆದ್ಲು ನೋಡಿ, ಮೂರು ಮಾರು ಉದ್ದದ್ದು. ಕಟ್ಟಿ, ಬೀದಿಗೆ ಹೋಗಿ ನಿಂತು, ತನ್ನ ತೋರಣಾನ ತಾನೇ ದಾರಿಹೋಕಳ ಥರ ನೋಡಿ ಬಂದ್ಲು.

ಮೊದಲನೇ ದಿನ ಅಳಿಲು ಬಂದ್ವು. ಎರಡೇ ಎರಡು. ಊಟದ ಹೊತ್ತಿಗೆ ಹನ್ನೆರಡಾದ್ವು. ಬೀಗರ ಮನೆ ಪಂಕ್ತೀಲಿ ಕೂತಂಗೆ ಸಾಲಾಗಿ ಕೂತು ಉಂಡ್ವು. ಜವನಮ್ಮ ಪೊರಕೆ ಬೀಸಿದ್ಲು. ಅಳಿಲು ತಪ್ಪಿಸ್ಕಂಡ್ವು, ಉಳಿದಿದ್ದ ತೆನೆಯೂ ಉದುರಿಹೋಯ್ತು. ಆಯ್ತಾ?

ಎರಡನೇ ದಿನ ಹೊಸ ತೋರಣ ಕಟ್ಟಿ, ಸುತ್ತ ಮುಳ್ಳು ಸುತ್ತಿದ್ಲು. ಅಳಿಲು ಬರಲಿಲ್ಲ. ಗುಬ್ಬಿ ಬಂದ್ವು. ಗುಬ್ಬಿಗೆ ಮುಳ್ಳೇನು ಲೆಕ್ಕ? ಮುಳ್ಳು ಕಿತ್ತು ತೆಗೆಯೋಕೆ ಹೋದ ಜವನಮ್ಮನ ಕೈಯೇ ತರಚಿಹೋಯ್ತು. ಆಯ್ತಾ?

ಮೂರನೇ ದಿನ ಮತ್ತೊಂದು ತೋರಣ. ಬೋರಯ್ಯನ ಅಂಗಿ, ಪಂಚೆ, ರುಮಾಲು ಎಲ್ಲಾ ಬಿಚ್ಚಿಸಿ ಒಂದು ಬೆದರುಬೊಂಬೆ ಮಾಡಿ ನಿಲ್ಲಿಸಿದ್ಲು. ಬೋರಯ್ಯ ಕಂಬಳಿ ಸುತ್ಕಂಡು ಒಳಗೆ ಕೂತ. ಗುಬ್ಬಿ ಹೆದರಿದ್ವು, ಸುಳ್ಳು ಯಾಕೆ ಹೇಳಲಿ. ಆದ್ರೆ ಕೋತಿ ಬಂತು. ತೋರಣ ತಿಂತು, ರುಮಾಲು ಸುತ್ಕಂಡು ಮಾಡಿನ ಮೇಲೆ ಹೋಗಿ ಕೂತ್ಕಂತು. ಬೀದೀಲಿ ಹೋಗ್ತಿದ್ದೋರು, "ಏನ್ ಬೋರಣ್ಣ, ಹೆಂಚು ಕೈಯಾಡಿಸ್ತಾ ಇದೀಯಾ?" ಅಂತ ಕೇಳ್ಕಂಡು ಹೋದ್ರು.

ಬೆಳಗಾದ್ರೆ ಹಬ್ಬ. ಜವನಮ್ಮನ ತಲೆ ಎಂಥಾದ್ದು ಗೊತ್ತಾ? ಕಣದಲ್ಲಿ ಬ್ಯಾಡ ಅಂತ ಬಿಸಾಕಿದ್ದ, ಒಳಗೆ ಅಕ್ಕಿಯೇ ಇಲ್ಲದ ಜೊಳ್ಳು ತೆನೆ ಆರಿಸಿ ತಂದ್ಲು. ಅರಿಶಿನದ ನೀರಿಗೆ ಅದ್ದಿ ತೋರಣ ಹೆಣೆದ್ಲು. ಬಂಗಾರದಂಗೆ ಹೊಳೀತು. ಅಳಿಲು ಬಂದು ಒಂದು ಕಾಳು ಕಚ್ಚಿ ಉಗಿದು ಹೋಯ್ತು. ಗುಬ್ಬಿ ಕುಕ್ಕಿ ನೋಡಿ ಹಾರಿಹೋಯ್ತು. ಕೋತಿ ಮೂಸಿ, ಜವನಮ್ಮನ ಮುಖ ಒಂದ್ಸಲ ನೋಡಿ, ಆಚೆ ಬೀದಿಗೆ ನೆಗೀತು. ಜವನಮ್ಮ ಗೆದ್ದುಬಿಟ್ಲು.

ಹೊನ್ನಮ್ಮ ಬಂದ್ಲು. ಕಾಲು ತೊಳ್ಕಂಡ್ಲು. ತಲೆ ಎತ್ತಿ ನೋಡಿದ್ಲು.

"ಒಂದು ಕಾಳೂ ಉದುರಿಲ್ಲವಲ್ಲ, ತಾಯಿ?"

"ಉದುರೋಕೆ ಬಿಡ್ತೀನಾ ಅತ್ತೆಮ್ಮ? ನಮ್ಮನೇದು ಒಂದು ಹುಳಾನೂ ಮುಟ್ಟೋಲ್ಲ."

ಅಜ್ಜಿ ಕೈಚಾಚಿ ಒಂದು ಕಾಳು ಕಿತ್ತು ಹಲ್ಲಿಗಿಟ್ಲು. ಅವಳ ಬಾಯಲ್ಲಿದ್ದಿದ್ದು ನಾಕೇ ಹಲ್ಲು. ಸುಳ್ಳು ಹಿಡಿಯೋಕೆ ಅಷ್ಟು ಸಾಕಾಯ್ತು.

"ನಾವು ತೆನೆ ಕಟ್ಟೋದು ಹಕ್ಕಿ ಪಕ್ಷಿಗೆ, ತಾಯಿ. ಗದ್ದೇಲಿ ಕವಣೆ ಬೀಸಿ ಓಡಿಸಿರ್ತೀವಲ್ಲ, ಅದಕ್ಕೆ ಮನೆಗೆ ಕರೆದು ಉಣ್ಣಿಸೋದು. ಅವುಕ್ಕೇ ಜೊಳ್ಳು ಇಟ್ಟಿದೀಯಲ್ಲ, ನಾಳೆ ನಮ್ಮ ಹುಡುಗ ಬಂದ್ರೆ ಏನು ಇಡ್ತೀಯ?"

ಬಾಗಿಲ ಹಿಂದೆ ಮಾದೇವಿ ಅತ್ತುಬಿಟ್ಲು. ಆ ಸದ್ದು ಅಜ್ಜಿಗೆ ಕೇಳಿಸ್ತು. ತಿರುಗಿ ಹೊರಟೋಳು ನಿಂತ್ಲು. "ಗಟ್ಟಿ ತೆನೆ ಕಟ್ಟು. ಎಂಟು ದಿನಕ್ಕೆ ಬರ್ತೀನಿ. ತಿಂದು ಬರೀ ಹುಲ್ಲು ಉಳಿದಿದ್ರೆ ಮದುವೆ ಮಾತಾಡೋಣ" ಅಂದು ಹೋದ್ಲು.

ಅಷ್ಟೇ ತಾನೆ? ಅಂತ ನೀವಂದ್ಕಂಡ್ರಿ. ಜವನಮ್ಮನೂ ಹಂಗೇ ಅಂದ್ಕಂಡ್ಲು. ಒಳ್ಳೇ ತೆನೆ ಕಟ್ಟಿ ಕೆಳಗೆ ಕಾಯ್ತಾ ಕೂತ್ಲು. ಅಳಿಲು ಬರಲಿಲ್ಲ. ಗುಬ್ಬಿ ಬರಲಿಲ್ಲ. ಕೋತಿಯಂತೂ ಆ ಬೀದೀನೇ ಬಿಟ್ಟಿತ್ತು. ಪೊರಕೆ ಏಟು, ಮುಳ್ಳು, ಜೊಳ್ಳು, ಇಷ್ಟು ಮರ್ಯಾದೆ ಕಂಡ ಮೇಲೆ ಯಾವ ನೆಂಟ ತಿರುಗಿ ಬರ್ತಾನೆ, ಹೇಳಿ?

ಜವನಮ್ಮ ಮರದ ಕೆಳಗೆ ನಿಂತು ಕರೆದ್ಲು. "ಬಾ ನನ್ನಪ್ಪ, ಬಾ ನನ್ನ ಬಂಗಾರ, ಒಂದು ಕಾಳು ತಿನ್ನು." ಮದುವೆ ಆದಾಗಿಂದ ಗಂಡನ್ನ ಒಂದ್ಸಲಾನೂ ಹಂಗೆ ಕರೆದೋಳಲ್ಲ. ಬೋರಯ್ಯ ತನ್ನನ್ನೇ ಅಂದ್ಕಂಡು ಎರಡು ಸಲ ಹೊರಗೆ ಬಂದು ನೋಡಿದ.

ಎಂಟನೇ ದಿನ ಬೆಳಗಾಯ್ತು. ತೋರಣ ಹಂಗೇ ತೂಗ್ತಾ ಇತ್ತು. ಮಗಳ ಮುಖ ನೋಡೋಕಾಗದೆ ಜವನಮ್ಮ ಏಣಿ ತಂದ್ಲು. ಹತ್ತಿದ್ಲು. ಕೈಯಲ್ಲಿ ಕಿತ್ತು ಬಿಸಾಕಿದ್ರೆ ಅಜ್ಜಿಗೆ ಗೊತ್ತಾಗಲ್ವಾ? ಕೆಳಗೆ ಹೊಟ್ಟು ಬಿದ್ದಿರಬೇಕು. ಅದಕ್ಕೆ ಒಂದೊಂದೇ ಕಾಳು ಹಲ್ಲಲ್ಲಿ ಸಿಗಿದು, ಅಕ್ಕಿ ನುಂಗಿ, ಹೊಟ್ಟು ಕೆಳಕ್ಕೆ ಉಗಿಯೋಕೆ ಹಿಡಿದ್ಲು. ಮೂರು ಮಾರು ತೋರಣ, ಮರೀಬ್ಯಾಡಿ.

ಅರ್ಧ ಮಾರು ಮುಗಿಸಿರಬೇಕು, ಹೊನ್ನಮ್ಮ ಅಂಗಳದಲ್ಲಿ ನಿಂತಿದ್ಲು. ಜವನಮ್ಮ ಬಾಯಿ ಬಿಡೋಂಗಿಲ್ಲ, ಬಾಯ್ತುಂಬ ಭತ್ತ. ಏಣಿ ಹಿಡಿದಿದ್ದ ಬೋರಯ್ಯ ಏಣಿ ಹಿಂದೆ ಅಡಗೋಕೆ ನೋಡಿದ. ಏಣಿ ಹಿಂದೆ ಯಾರಾದ್ರೂ ಅಡಗೋಕಾಯ್ತದಾ?

ಮಾದೇವಿ ಹೊರಗೆ ಬಂದ್ಲು. ಕಣ್ಣಲ್ಲಿ ನೀರು ತುಂಬಿತ್ತು, ಆದ್ರೂ ಇದ್ದದ್ದನ್ನ ಮುಚ್ಚಿಡಲಿಲ್ಲ. "ಒಂದು ಹಕ್ಕೀನೂ ಬರಲಿಲ್ಲ ಅಜ್ಜಿ. ನನ್ನ ಮದುವೆ ನಿಂತೋಗ್ತದೆ ಅಂತ ಅವ್ವನೇ ತಿಂತಾವ್ಳೆ."

ಅಜ್ಜಿ ಹುಡುಗಿಯನ್ನ ನೋಡಿದ್ಲು. ಕೆಳಗೆ ಬಿದ್ದಿದ್ದ ಹೊಟ್ಟು ನೋಡಿದ್ಲು. ಮೇಲೆ, ಕೆನ್ನೆ ಉಬ್ಬಿಸ್ಕಂಡು ಕಂಬ ತಬ್ಬಿ ನಿಂತಿದ್ದ ಜವನಮ್ಮನ್ನ ನೋಡಿದ್ಲು. ಆಮೇಲೆ ಜಗಲಿ ಮೇಲೆ ಕೂತು, ಮಡಿಲಿಂದ ಎಲೆ ಅಡಿಕೆ ತೆಗೆದು ಪಕ್ಕಕ್ಕಿಟ್ಲು.

"ನಿಜ ಹೇಳೋ ಹುಡುಗಿ, ನಮಗೆ ಬೇಕು. ನಿಮ್ಮನೆ ಅಳಿಲು ಊಟ ಮುಗಿಸಿ ಇಳೀಲಿ ಮಗ, ತಾಂಬೂಲ ಬದಲಾಯಿಸ್ಕಳಾನ."

ತೆನೆ ಅವಳಿಗಾಯ್ತು, ಕತೆ ನಿಮಗಾಯ್ತು, ಬಾಯಾರಿಕೆ ನನಗಾಯ್ತು. ಒಂದು ಚೆಂಬು ನೀರು ಕೊಟ್ಟು ಏಳ್ರಪ್ಪ.