ಲೆನ್ಸಿನ ಮುಚ್ಚಳ

ಕ್ಯಾಮೆರಾ ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ತಂದೆ, ಮಗಳು ಕೂತಿದ್ದರು. ತಂದೆಯ ತೊಡೆಯ ಮೇಲೆ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಇತ್ತು.

“ಅಪ್ಪಾ, ಹೊಸದು ತಗೊಳ್ಳೋಣ. ಇದರ ಶಟರ್ ಮಾತುಮಾತಿಗೂ ಮುನಿಸಿಕೊಳ್ಳುತ್ತೆ.”

“ನಿಮ್ಮಮ್ಮನೂ ಮುನಿಸಿಕೊಳ್ತಿದ್ಲು. ಬದಲಾಯಿಸಿದ್ನಾ?”

“ಅಮ್ಮನ ಕೊನೇ ರೋಲ್‌ಗೇ ಕೈಕೊಡ್ತಲ್ಲ! ಒಂದು ಫೋಟೋನೂ ಬರಲಿಲ್ಲ.”

“ಅದಕ್ಕೆ ಇದನ್ನ ಬೈಬೇಡ ಕಣೇ. ಲೆನ್ಸಿನ ಮುಚ್ಚಳ ತೆಗೆದೇ ಇರಲಿಲ್ಲ.”

“ನೋಡುವಾಗ ಗೊತ್ತಾಗಲಿಲ್ವಾ?”

“ಇದರಲ್ಲಿ ನೋಡೋ ಕಿಂಡಿ ಬೇರೆ, ಲೆನ್ಸ್ ಬೇರೆ. ಕಿಂಡಿಯಲ್ಲಿ ಅವಳು ಚೆನ್ನಾಗೇ ಕಾಣ್ತಿದ್ಲು.”

“ಮುಚ್ಚಳ ತೆಗೀರಿ ಅಂತ ಅಮ್ಮ ಯಾವಾಗಲೂ ಕೂಗ್ತಿದ್ಲಲ್ಲ?”

“ಆಗ ಅವಳ ಮಾತು ನಿಂತುಹೋಗಿತ್ತಲ್ಲಮ್ಮ. ಕೈಯೆತ್ತಿ ತೋರಿಸಿದಳು. ಟಾಟಾ ಮಾಡ್ತಿದಾಳೆ ಅಂದ್ಕೊಂಡು ನಾನೂ ಕೈಬೀಸಿದೆ.”

ಒಳಗಿನಿಂದ ಕರೆದರು. ಮಗಳೇ ಕ್ಯಾಮೆರಾ ಎತ್ತಿಕೊಂಡು ಎದ್ದಳು.

“ಬಾಪ್ಪಾ, ರಿಪೇರಿಗೆ ಕೊಡೋಣ.”