ಪಂಪಿಗೆ ಕರೆಂಟು ಬರ್ತಿಲ್ಲ

ಅಲ್ಲಲ್ಲ, ಅಲ್ಲಿ ಅಲ್ಲಮ್ಮಾ! ಬಾನೆಟ್ಟು ಯಾಕೆ ಎತ್ತಿದೆ? ಇಳಿಸು, ಇಳಿಸು. ರೋಗ ಇರೋದು ಹಿಂದೆ. ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗೆ ಪಂಪು ಕೂತಿರುತ್ತೆ. ಅದು ಪೆಟ್ರೋಲ್ ಎತ್ತಿ ಕೊಡದಿದ್ರೆ ಎಂಜಿನ್ ಪಾಪ ಏನು ಕುಡಿಯುತ್ತೆ, ಹೇಳು... ಯಾಕೆ ನಗ್ತೀಯ? ನಗು ಬರೋ ಅಂಥದ್ದು ಏನಂದೆ? ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿದವನಿಗೆ ಪಂಪು ಎಲ್ಲಿರುತ್ತೆ ಅಂತ ಗೊತ್ತಿರಬಾರದಾ? ಗುರುವಿಗೇ ತಿರುಮಂತ್ರ ಹಾಕೋಕೆ ಬಂದೆಯಾ?

ನಿನಗೂ ಪಾಠ ಮಾಡಿದೋನು ನಾನೇ, ಮರೀಬೇಡ. ಎರಡನೇ ಬೆಂಚು, ಕಿಟಕಿ ಪಕ್ಕ. ಪ್ರಶ್ನೆ ಕೇಳಿದ್ರೆ ಕಂಬದ ಹಾಗೆ ನಿಂತಿರ್ತಿದ್ದೆ, ತುಟಿ ಪಿಟಕ್ ಅಂತಿರ್ಲಿಲ್ಲ. ಪೀರಿಯಡ್ ಮುಗಿಯೋವರೆಗೂ ನಿಲ್ಲಿಸ್ತಿದ್ದೆ ನಾನು. ಅದಕ್ಕೇ ತಾನೆ ನಿನಗೆ ‘ಓಪನ್ ಸರ್ಕ್ಯೂಟ್’ ಅಂತ ಹೆಸರಿಟ್ಟಿದ್ದು! ಎಲ್ಲೋ ತಂತಿ ಕಿತ್ತು ಹೋಗಿದೆ, ಈ ಹುಡುಗಿ ತಲೆಗೆ ಕರೆಂಟು ಹರಿಯಲ್ಲ ಅಂತ... ಇಡೀ ಕ್ಲಾಸು ಹೊಟ್ಟೆ ಹಿಡ್ಕೊಂಡು ನಕ್ಕಿತ್ತು. ನೀನೂ ನಕ್ಕಿದ್ದೆ. ...ನಕ್ಕಿರ್ಲಿಲ್ವಾ? ಸರಿ ಬಿಡು, ಹಳೇ ಮಾತು.

ಈಗ ನೋಡು, ಸ್ವಂತ ಗ್ಯಾರೇಜು! ಈ ಊರಲ್ಲಿ ಕಾರಿನ ವೈರಿಂಗ್ ಅಂದ್ರೆ ನಿನ್ನನ್ನೇ ಕೇಳ್ತಾರಂತೆ. ನಾನು ಬೈದಿದ್ದಕ್ಕೇ ಉದ್ಧಾರ ಆದೆ. ಇಲ್ಲದಿದ್ರೆ ಆಗ್ತಿದ್ದೆಯಾ?

ಒಂದು ಮಾತು ತಿಳ್ಕೋ, ನಿನ್ನನ್ನ ಕರೆಸಿದ್ದು ನಾನಲ್ಲ. ನಮ್ಮನೆಯವಳು. ಅಗೋ, ಮೆಟ್ಟಿಲ ಮೇಲೆ ಕೂತಿದ್ದಾಳಲ್ಲ, ತೊಡೆ ಮೇಲೆ ಬ್ಯಾಗಿಟ್ಕೊಂಡು, ಎರಡು ಟ್ರಂಕು ಪಕ್ಕದಲ್ಲಿಟ್ಕೊಂಡು. ಏಳು ಗಂಟೆಗೆ ಹೊರಟಳು. ಕೀ ತಿರುಗಿಸಿದಳು, ಗರಗರ ಅಂತು ಅಷ್ಟೇ, ಸ್ಟಾರ್ಟ್ ಆಗ್ಲಿಲ್ಲ. ಐದೇ ನಿಮಿಷ ತಡಿ, ಸರಿ ಮಾಡ್ತೀನಿ ಅಂದೆ. ಆ ಐದು ನಿಮಿಷ ಒಂಬತ್ತೂವರೆವರೆಗೂ ಎಳೀತು, ಏನ್ಮಾಡೋದು? ಅಷ್ಟರಲ್ಲಿ ಎಂಟರ ಬಸ್ಸು ಹೋಯ್ತು. ಇನ್ನು ಎರಡಕ್ಕೇ ಮುಂದಿನದು. ಟ್ಯಾಕ್ಸಿ ಕರೀತೀನಿ ಅಂದಳು. ಮನೆ ಮುಂದೆ ಕಾರು ನಿಲ್ಲಿಸ್ಕೊಂಡು ಟ್ಯಾಕ್ಸೀಲಿ ಹೋದ್ರೆ ನೋಡಿದೋರು ಏನಂತಾರೆ ಅಂತ ನಾನೇ ಬೇಡ ಅಂದೆ.

ಎಲ್ಲಿಗಾ? ಫೋನಲ್ಲಿ ಹೇಳ್ಲಿಲ್ವಾ? ಪಕ್ಕದೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ನು! ಐವತ್ನಾಲ್ಕನೇ ವಯಸ್ಸಲ್ಲಿ! ಅಲ್ಲೇ ರೂಮು, ಅಲ್ಲೇ ಊಟ, ಭಾನುವಾರ ಮಾತ್ರ ಮನೆಗೆ. ಹೋದ ವರ್ಷ ಡ್ರೈವಿಂಗ್ ಕಲಿತಾಗಲೇ ನನಗೆ ಅನುಮಾನ ಬರಬೇಕಿತ್ತು. ಇವತ್ತು ಹನ್ನೆರಡರೊಳಗೆ ಹೋಗಿ ಸಹಿ ಹಾಕಬೇಕಂತೆ. ಹಾಕಲಿಲ್ಲ ಅಂದ್ರೆ ಪಟ್ಟೀಲಿರೋ ಎರಡನೇ ಹೆಸರಿನವರಿಗೆ ಹೋಗುತ್ತೆ ಕೆಲಸ. ಹೋಗ್ಲಿ... ಹೋಗ್ಲಿ ಅಂತಲ್ಲ! ನಿಯಮ ಹೇಳಿದೆ ಅಷ್ಟೇ. ಹಾಗೆ ನೋಡಬೇಡ.

ಹಾಂ, ಸೀಟೆತ್ತಿದೆಯಾ? ಶಭಾಷ್. ಈಗ ನಾನು ಕೀ ಆನ್ ಮಾಡ್ತೀನಿ, ನೀನು ಕಿವಿ ಕೊಡು. ಸರಿ ಇದ್ದಿದ್ರೆ ಎರಡು ಸೆಕೆಂಡು ‘ಗುಂಯ್’ ಅನ್ನಬೇಕು. ...ಕೇಳಿಸ್ತಾ? ಇಲ್ಲ! ಹೇಳಲಿಲ್ವಾ ನಾನು? ಪಂಪು ಸತ್ತಿದೆ. ಹೊಸ ಪಂಪು ತರಿಸಬೇಕು, ನಾಳೆ ನಾಡಿದ್ದು ಬರುತ್ತೆ, ನಿಧಾನಕ್ಕೆ ಹಾಕು, ಅವಸರ ಏನಿಲ್ಲ. ಅವಳಿಗೆ ನಾನು ಹೇಳ್ತೀನಿ. ಏನೇ... ಕರೀಬೇಡ ಅಂತೀಯಾ? ಯಾಕೆ? ಅದೇನದು ಕೈಲಿ? ಟೆಸ್ಟ್ ಲ್ಯಾಂಪು! ಅಯ್ಯೋ, ಇದರ ಕಾಲ ಮುಗೀಲಿಲ್ವಾ? ಮುಳ್ಳಿನ ಹಾಗಿರೋ ಸೂಜಿ, ಹಿಂದೊಂದು ಬಲ್ಬು. ಇದನ್ನ ಹಿಡ್ಕೊಂಡು ಊರೆಲ್ಲ ವೈದ್ಯ ಮಾಡ್ತೀಯಾ?

ಪಂಪಿನ ಕನೆಕ್ಟರಿಗೆ ಇಟ್ಟೆಯಾ... ಬಲ್ಬು ಹತ್ತಲಿಲ್ಲ. ಅಂದ್ರೆ ಇಲ್ಲಿವರೆಗೆ ಕರೆಂಟೇ ಬರ್ತಿಲ್ಲ. ಒಪ್ಪಿದೆ. ಹಾಗಾದ್ರೆ ಅರ್ತಿಂಗ್ ತಂತಿ, ಅರ್ತು, ಹೋಗಿರುತ್ತೆ! ...ಅರ್ತು ಸರಿಯಿದೆಯಾ? ಈಗ ಬ್ಯಾಟರೀಂದ ತಂತಿ ಎಳೀತೀಯಾ, ನೇರವಾಗಿ? ಎಳಿ ಎಳಿ, ಸತ್ತವನನ್ನ ಎಬ್ಬಿಸಿದ ಹಾಗೆ... ಅಯ್ಯೋ! ಗುಂಯ್ ಅಂತಿದೆಯಲ್ಲ! ಪಂಪು ಬದುಕಿದೆಯಾ? ...ಸಂತೋಷ. ಸಂತೋಷ ಅಂದೆನಮ್ಮಾ. ಮುಖ ಸಣ್ಣಗಾಗಿಲ್ಲ, ಬಿಸಿಲು ಹೊಡೀತಿದೆ ಅಷ್ಟೇ.

ಸರಿ, ಪಂಪೂ ಸರಿ, ಅರ್ತೂ ಸರಿ. ಹಾಗಾದ್ರೆ ಮಧ್ಯದ ತಂತೀನ ಇಲಿ ಕಡಿದಿದೆ. ಖಂಡಿತ ಇಲಿ! ಮುಂದಿನಿಂದ ಹಿಂದಿನವರೆಗೂ ಕಾರ್ಪೆಟ್ಟು ಕಿತ್ತು, ನಾಲ್ಕೂ ಸೀಟು ಕೆಳಗಿಳಿಸಿ, ಒಂದೊಂದೇ ತಂತಿ ನೋಡಬೇಕು. ಸಂಜೆ ಆಗುತ್ತೆ. ಆಗ್ಲಿ! ಕೆಲಸ ಅಂದ್ಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಬೇಕು. ಇಲಿ ಹಿಕ್ಕೆ ಎಲ್ಲಿ ಅಂತ ಹುಡುಕ್ತಿದ್ದೀಯಾ? ಅಚ್ಚುಕಟ್ಟಾದ ಇಲಿ ಇರಬಹುದಪ್ಪಾ, ನನಗೇನು ಗೊತ್ತು?

ಎಲ್ಲಿಗೆ ಹೊರಟೆ? ಮತ್ತೆ ಮುಂದಕ್ಕಾ? ಫ್ಯೂಸು ನಾನು ಬೆಳಿಗ್ಗೇನೇ ನೋಡಿದ್ದೀನಿ. ಆ ಕಪ್ಪು ಡಬ್ಬಿ ತೆಗೀಬೇಡ... ಬೇಡ ಅಂತಲ್ಲ... ಮುಚ್ಚಳದ ಕ್ಲಿಪ್ಪು ಹಳೇದು, ಮುರಿಯುತ್ತೆ. ಹದಿನೈದು ವರ್ಷದ ಕಾರಿದು. ...ತೆಗೆದೇ ಬಿಟ್ಟೆಯಾ! ಹೇಳಿದ ಮಾತು ಕೇಳೋ ಕಾಲ ಹೋಯ್ತು. ನೋಡಿದೆಯಾ, ಫ್ಯೂಸು ಸರಿಯಿದೆ. ಪಕ್ಕದಲ್ಲಿರೋ ಆ ಚೌಕದ ತುಂಡು ರಿಲೇ. ಅದೂ ಸರಿಯಿದೆ, ಮುಟ್ಟಬೇಡ.

ರಿಲೇ ಅಂದ್ರೆ ಏನು ಅಂತ ನೆನಪಿದೆಯಾ? ಹತ್ತನೇ ಕ್ಲಾಸಲ್ಲಿ ಹೇಳಿದ್ದೆ. ಸಣ್ಣ ಕರೆಂಟು ಅಪ್ಪಣೆ ಕೊಡುತ್ತೆ, ಇದು ಟಿಕ್ ಅನ್ನುತ್ತೆ, ದೊಡ್ಡ ಕರೆಂಟು ದಾಟಿ ಕೆಲಸ ಮಾಡುತ್ತೆ. ಮನೇಲಿ ನಾನು ‘ಟೀ’ ಅಂತೀನಿ, ಒಳಗಡೆ ಅವಳು ಒಲೆ ಹಚ್ತಾಳೆ, ಹಾಗೆ. ಎಷ್ಟು ಸೊಗಸಾದ ಉದಾಹರಣೆ! ಮೊನ್ನೆ ಅವಳಿಗೂ ಹೇಳಿದೆ. ‘ಮೂವತ್ತು ವರ್ಷ ಟಿಕ್ ಟಿಕ್ ಅಂದಿದ್ದು ಸಾಕಾಯ್ತು’ ಅಂದಳು. ವಿಜ್ಞಾನದ ಗಂಧಗಾಳಿ ಇಲ್ಲ ಅವಳಿಗೆ. ...ಮತ್ಯಾಕೆ ನಗು?

ಹಾಂ, ಕೀ ತಿರುಗಿಸಿದೆ. ಟಿಕ್! ಕೇಳಿಸ್ತಾ? ರಿಲೇ ಟಿಕ್ ಅಂತು! ಜೀವಂತ ಇದೆ! ಮುಚ್ಚು ಡಬ್ಬಿ, ನಡಿ ಕಾರ್ಪೆಟ್ಟು ಕೀಳೋಣ. ...ಯಾಕೆ ತಲೆ ಅಲ್ಲಾಡಿಸ್ತೀಯ? ಟಿಕ್ ಅಂದ ಮಾತ್ರಕ್ಕೆ ಆ ಕಡೆ ಕರೆಂಟು ದಾಟಿದೆ ಅಂತ ಏನು ಗ್ಯಾರಂಟಿ ಅಂತಾ? ನೀನು ಬಾಯಿ ಬಿಡದಿದ್ರೂ ನಿನ್ನ ಹುಬ್ಬು ಹೇಳ್ತಿದೆ ಬಿಡು. ಅಲ್ಲ, ಆ ರಿಲೇ ಕಿತ್ಯಾ? ಸಾಕೆಟ್ಟಿನ ಎರಡು ತೂತಿಗೆ ತಂತಿ ಸೇರಿಸ್ತೀಯಾ? ಹುಷಾರು, ಸುಟ್ಟೀತು...

ಗುಂಯ್.

...ಹೂಂ, ಕೇಳಿಸ್ತು. ನನಗೇನು ಕಿವುಡಾ? ತಂತಿ ಎಲ್ಲಾ ಸರಿಯಿದೆ, ಇಲಿ ಬಂದಿಲ್ಲ, ರಿಲೇನೇ ಕೆಟ್ಟಿದೆ ಅಂತಾಯ್ತು. ಸರಿ, ಸೋತೆ. ಹೊಸ ರಿಲೇ ತರಬೇಕಲ್ಲ? ಈ ಕಾರಿನದು ಇಲ್ಲೆಲ್ಲ ಎಲ್ಲಿ ಸಿಗುತ್ತೆ, ದೊಡ್ಡ ಊರಿಗೇ ಹೋಗಬೇಕು... ಏನದು? ಹಾರ್ನಿನ ರಿಲೇ ಯಾಕೆ ಕೀಳ್ತಿದ್ದೀಯ? ಎರಡೂ ಒಂದೇನಾ? ಅದನ್ನ ಇಲ್ಲಿಗೆ... ಅಯ್ಯೋ, ಹಾರ್ನಿಲ್ಲದ ಕಾರಲ್ಲಿ ಹೆಂಗಸು ಒಬ್ಬಳೇ ಹೋಗೋದಾ? ಕಾನೂನಿಗೆ ವಿರುದ್ಧ ಅದು! ಕೀ ತಿರುಗಿಸಬೇಡ... ಶ್! ಸ್ಟಾರ್ಟ್ ಆಗೇಬಿಡ್ತು, ಆಫ್ ಮಾಡು, ಆಫ್ ಮಾಡು. ಅವಳಿಗೆ ಕೇಳಿಸುತ್ತೆ.

...ಕೇಳಿಸ್ಲಿ ಅಂತಲೇ ಅಲ್ವಾ ಬಂದಿದ್ದು ಅಂತಾ? ಹೌದು. ಹೌದು ಬಿಡು.

ಸರಿ ಹೋಯ್ತಲ್ಲ, ಇನ್ನೇನು ನೋಡ್ತಿದ್ದೀಯ ಆ ಹಳೇ ರಿಲೇನ ಬೆಳಕಿಗೆ ಹಿಡ್ಕೊಂಡು? ಕೊಡಿಲ್ಲಿ, ಕಸಕ್ಕೆ ಹಾಕ್ತೀನಿ. ಕೊಡಮ್ಮಾ. ನಾಲ್ಕು ಕಾಲೂ ಇದೆ. ಒಂದು ಕಾಲು ಮಾತ್ರ ಹೊಳೀತಿದೆಯಾ? ಹೊಳೀಲಿ, ಒಳ್ಳೇದೇ ಅಲ್ವಾ? ಉಗುರಲ್ಲಿ ಯಾಕೆ ಕೆರೀತೀಯ? ...ಗುಲಾಬಿ ಬಣ್ಣ ಏಳ್ತಿದೆ. ಹಾಂ, ಅದು ಕಂಪನಿಯವರೇ ಹಚ್ಚಿರ್ತಾರೆ. ತುಕ್ಕು ಹಿಡೀಬಾರದು ಅಂತ. ಮೂರು ಬಿಟ್ಟು ಒಂದಕ್ಕೇ ಯಾಕೆ ಅಂದ್ರೆ... ಉಳಿತಾಯ! ಈಗಿನ ಕಂಪನಿಗಳು ಗೊತ್ತಲ್ಲ. ಮೂಸಬೇಡ. ಮೂಸಬೇಡ ಅಂದೆ! ನನ್ನ ಮುಖ ಯಾಕೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ಕೈ... ಕೈಯಾ? ಈ ಬೆರಳ ಮೇಲಿನ ಗುಲಾಬಿ ಕಲೆನಾ? ಇದು ಏನಿಲ್ಲ, ಬೆಳಿಗ್ಗೆ ಹಚ್ಚೋವಾಗ ತಾಗಿದ್ದು...

ಹಚ್ಚೋವಾಗ ಅಂದ್ರೆ...

ಏನಾದ್ರೂ ಮಾತಾಡಮ್ಮಾ. ಬೈದಾದ್ರೂ ಬಿಡು. ಹಾಗೆ ಸುಮ್ಮನೆ ನಿಂತ್ಕೋಬೇಡ, ನನಗೆ ಹಿಂಸೆ ಆಗುತ್ತೆ.

ಅವಳದೇ ಸೀಸೆ. ಉಗುರಿಗೆ ಹಚ್ಚೋ ಬಣ್ಣದ್ದು. ಕೆಲಸದ ಕಾಗದ ಬಂದ ದಿನ ತಂದಿದ್ದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವತ್ತೇ ಮೊದಲು. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಅಂದೆ ನಾನು. ಅವಳು ಕಿಟಕಿ ಹತ್ತಿರ ಹೋಗಿ ಹತ್ತು ಬೆರಳನ್ನೂ ಬೆಳಕಿಗೆ ಹಿಡಿದು ನೋಡ್ಕೊಂಡಳು. ಏನು ಖುಷಿ ಅಂತೀಯ! ನನ್ನ ಹತ್ರ ಇದ್ದಾಗ ಆ ಮುಖ ನಾನು ನೋಡೇ ಇರ್ಲಿಲ್ಲ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ... ರಿಲೇ ಬಚ್ಚಿಟ್ಟಿದ್ರೆ ಸಾಕೆಟ್ಟು ಖಾಲಿ ಕಾಣ್ತಿತ್ತು. ಫ್ಯೂಸು ಸುಟ್ಟಿದ್ರೆ ಯಾರು ಬೇಕಾದ್ರೂ ಬದಲಾಯಿಸ್ತಿದ್ರು. ಒಂದು ಕಾಲಿಗೆ ಬಣ್ಣ ಬಳಿದ್ರೆ? ಟಿಕ್ ಅನ್ನುತ್ತೆ, ಕರೆಂಟು ದಾಟಲ್ಲ! ಮೂವತ್ತೊಂದು ವರ್ಷ ಕಲಿಸಿದ ವಿದ್ಯೆ ಕೊನೆಗೆ ಇದಕ್ಕೆ ಬಂತು ನೋಡು. ನಾಚಿಕೆಗೇಡು.

ಅಡುಗೆಮನೇಲಿ ಎಲ್ಲ ಡಬ್ಬಿಗೂ ಚೀಟಿ ಅಂಟಿಸಿದ್ದಾಳೆ. ಸಕ್ಕರೆ, ಉಪ್ಪು, ಟೀಪುಡಿ. ಅನ್ನಕ್ಕೆ ಎಷ್ಟು ನೀರು ಅಂತ ಬರೆದು ಗೋಡೆಗೆ ಹಚ್ಚಿದ್ದಾಳೆ. ರಾತ್ರಿ ಎಲ್ಲಾ ಓದಿದೆ, ಪರೀಕ್ಷೆಗೆ ಕೂತವನ ಹಾಗೆ. ಒಂದಕ್ಷರ ತಲೆಗೆ ಹತ್ತಲಿಲ್ಲ. ಊಟದ್ದಲ್ಲಮ್ಮಾ ನನ್ನ ಚಿಂತೆ. ಅಲ್ಲಿ ಅವಳಿಗೆ ಹಿತವಾಗಿ, ಭಾನುವಾರಾನೂ ಬರದೆ ಇದ್ದುಬಿಟ್ರೆ? ಭಯ ಆಗುತ್ತೆ ನನಗೆ. ಹೋಗಬೇಡ ಅಂತ ಬಾಯಿಬಿಟ್ಟು ಕೇಳೋಕೆ ಬರಲಿಲ್ಲ. ಕೇಳಿ ಅಭ್ಯಾಸ ಇಲ್ಲ. ಹೇಳಿ ಅಭ್ಯಾಸ.

ಅಯ್ಯೋ, ಎದ್ದಳು. ಈ ಕಡೇನೇ ಬರ್ತಿದ್ದಾಳೆ! ಬೇಗ ಅದನ್ನ ಜೇಬಿಗೆ ಹಾಕ್ಕೋ. ಹಾಕ್ಕೊಳ್ಳಮ್ಮಾ! ಹಳೇ ರಿಲೇ, ಸುಟ್ಟು ಹೋಗಿತ್ತು ಅಂತ ಒಂದೇ ಒಂದು ಮಾತು ಹೇಳು ಸಾಕು. ಗುರುದಕ್ಷಿಣೆ ಅಂದ್ಕೋ. ...ನನ್ನ ಕೈಗೆ ಯಾಕೆ ಕೊಡ್ತೀಯ? ಬೇಡ, ಬೇಡ...

ಹಾಂ? ಏನೇ? ಏನಾಗಿತ್ತಾ? ಅದು... ಎಲ್ಲಾ ಸರಿ ಹೋಯ್ತು, ಹನ್ನೆರಡರೊಳಗೆ ತಲುಪ್ತೀಯ. ಏನಾಗಿತ್ತು ಅಂತ ಈ ಹುಡುಗಿ ಹೇಳ್ತಾಳೆ, ಅವಳಿಗೇ ಗೊತ್ತು. ಹೇಳಮ್ಮಾ. ...ಹೇಳು. ಬಾಯಿ ಬಿಡು, ಏನಾದ್ರೂ ಒಂದು ಹೇಳು...

ನಾನೇ ಕಣೇ. ನೀನು ಹೋಗಬಾರದು ಅಂತ ನಾನೇ ಮಾಡಿದ್ದು.